ಕಳೆದುಹೋದ ದಿಗಂತ

ಚಳ್ಳಕೆರೆಯ ಆಚೆ, ಕಣ್ಣು ಹಾಯಿಸಿದಷ್ಟು ದೂರವೂ ಅಮೃತಮಹಲ್ ಕಾವಲಿನ ಹುಲ್ಲೇ ಹಬ್ಬಿರುವ ಬಯಲುಸೀಮೆಯಲ್ಲಿ ಹುಟ್ಟಿ, ಉದರಪೋಷಣಾರ್ಥವಾಗಿ ಬೆಂಗಳೂರಿನ ವಠಾರವೊಂದನ್ನು ಸೇರಿದ ನನ್ನಂಥವನಿಗೆ ಮೊದಲು ಕಳೆದುಹೋದ ವಸ್ತುವೆಂದರೆ ದಿಗಂತ. ಊರಿನಲ್ಲಿ, ಬರುವ ನೆಂಟನು ಅರ್ಧ ಹರದಾರಿಯಾಚೆ ಇರುವಾಗಲೇ ನಡಿಗೆಯಿಂದ ಅವನಾರೆಂಬುದನ್ನು ನಿಶ್ಚಯಿಸಿ, ಅವನು ಜಗಲಿ ಹತ್ತುವಷ್ಟರಲ್ಲಿ ಮುದ್ದೆಗೆ ಎಸರಿಡುವುದಕ್ಕೂ, ಸಾಲ ವಸೂಲಿಗೆ ಬಂದವನಾದರೆ ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಪಲಾಯನ ಮಾಡುವುದಕ್ಕೂ ಸಾವಕಾಶವಿರುತ್ತಿತ್ತು. ಇಲ್ಲಿಯಾದರೋ, ಬಾಗಿಲು ಬಡಿದ ಮೇಲೆ ಬಚ್ಚಲುಮನೆಯೊಂದೇ ಗತಿ.

ಹಾಗೆಂದು ನಗರವನ್ನು ನಿಂದಿಸಲಾರೆನು. ಸುಮಾರು 100 ಕಿಲೋಮೀಟರು ದೂರದಲ್ಲಿ, 500 ಮೀಟರಿನಷ್ಟು ಕೆಳಗೆ, ತನ್ನ ಪಾಡಿಗೆ ತಾನು ಹರಿಯುತ್ತಿರುವ ಕಾವೇರಿಯನ್ನು ಪಂಪುಗಳಿಂದ ಎಬ್ಬಿಸಿ, ಏರು ಹತ್ತಿಸಿ, ಮನೆಯ ನಲ್ಲಿಗೆ ತಂದು ನಿಲ್ಲಿಸುವ ಊರು ಸಾಮಾನ್ಯವೇ? ನಮ್ಮಲ್ಲಿ ಮಳೆರಾಯನನ್ನು ಕರೆಯಲು ಕತ್ತೆಗಳಿಗೆ ಮದುವೆ ಮಾಡಬೇಕು. ಅಷ್ಟಾಗಿಯೂ ಅವನು ಬಾರದ ವರ್ಷಗಳುಂಟು. ಕತ್ತೆಗಳ ಸಂಸಾರ ಮಾತ್ರ ಸುಖವಾಗಿದೆ.

ಯುಗಾದಿಯ ಮರುದಿನ ಚಂದ್ರನನ್ನು ನೋಡಲೆಂದು, ಊರಿನಿಂದ ಬಂದಿದ್ದ ಅಜ್ಜಿಯನ್ನು ಕೈಹಿಡಿದು ಮಾಳಿಗೆ ಹತ್ತಿಸಿದೆನು. ಪಡುವಣಕ್ಕೆ ಐದಂತಸ್ತಿನ ಕಟ್ಟಡ. ಅದರ ನೆತ್ತಿಯ ಮೇಲೆ ಕರಿಯ ನೀರಿನ ತೊಟ್ಟಿ. ತೊಟ್ಟಿಯ ಪಕ್ಕದಲ್ಲಿ ಯಾರದೋ ಲುಂಗಿ ಒಣಗುತ್ತಿತ್ತು. ಅರ್ಧ ಗಂಟೆ ಕತ್ತೆತ್ತಿ ನಿಂತ ಅಜ್ಜಿಯು, “ಅವನೂ ಇಲ್ಲಿ ಬಾಡಿಗೆಗೆ ಅವ್ನೇನೋ ಮಗಾ?” ಎಂದಳು.

ಚಂದ್ರದರ್ಶನವಾದದ್ದು ಅದರ ಮರುಸಂಜೆ, ಮೇಲುಸೇತುವೆಯ ಮೇಲೆ ಮುಕ್ಕಾಲು ಗಂಟೆ ಅಲುಗಾಡದೆ ನಿಂತ ಬಸ್ಸಿನ ಕಿಟಕಿಯಿಂದ.