ಹಳದಿ ದೀಪಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಗಾಳಿಯೊತ್ತಡದ ಹಳದಿ ದೀಪ,
ಸ್ಪೀಡೋಮೀಟರಿನ ಮಗ್ಗುಲು, ಡ್ಯಾಶ್‌ಬೋರ್ಡ್.

ವಿಷಯ: ಟೈರಿನಲ್ಲಿ ಗಾಳಿ ಇರುವಾಗಲೂ ಇಲ್ಲದಿರುವಾಗಲೂ ಸದರಿ ದೀಪವು ಒಂದೇ ಮುಖದಲ್ಲಿ ಉರಿಯುತ್ತಿರುವ ಕುರಿತು.
ಉಲ್ಲೇಖ: ಕಾರಿನ ಜೊತೆ ಬಂದ ಕೈಪಿಡಿ (ಪ್ಲಾಸ್ಟಿಕ್ ಕವರು ಇನ್ನೂ ಒಡೆದಿಲ್ಲ).

ಮಾನ್ಯರೇ,

ಕುದುರೆ ಲಾಳದಂತೆ ಬಾಗಿದ ಗೆರೆ, ಬುಡದಲ್ಲಿ ನಾಲ್ಕಾರು ಹಲ್ಲು, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟೈರಿನ ಗಾಳಿ ಇಳಿದಾಗ ಹೊತ್ತಿಕೊಳ್ಳುವ ಹಳದಿ ದೀಪದ ಸ್ವರೂಪ ಇಷ್ಟೇ. ಟೈರನ್ನು ಅಡ್ಡಕ್ಕೆ ಕೊಯ್ದರೆ ಹೀಗೆ ಕಾಣುತ್ತದೆ ಎಂಬುದು ಚಿತ್ರ ಬರೆದವರ ವಾದ. ಟೈರು ಕೊಯ್ದು ನೋಡುವ ಯೋಗ ಮಾಲೀಕರಿಗೆ ಒದಗದ ಕಾರಣ ಅದು ಅವರಿಗೆ ಉಕ್ಕಲು ಸಿದ್ಧವಾದ ಹಾಲಿನ ಪಾತ್ರೆಯಂತೆ ಕಾಣುತ್ತದೆ. ಕೆಲವರು ಬಾನೆಟ್ ಎತ್ತಿ ರೇಡಿಯೇಟರಿನ ನೀರು ನೋಡುವುದೂ ಉಂಟು.

ದೀಪದ ಮೇಲಿರುವ ಮುಖ್ಯ ಆಪಾದನೆ ಆಕಾರದ್ದಲ್ಲ, ಎರಡು ನಾಲಿಗೆಯದು. ‘ಗಾಳಿ ಕಡಿಮೆಯಾಗಿದೆ’ ಎನ್ನುವುದಕ್ಕೂ ‘ಗಾಳಿ ಎಷ್ಟಿದೆಯೋ ನನಗೇ ತಿಳಿಯುತ್ತಿಲ್ಲ’ ಎನ್ನುವುದಕ್ಕೂ ಬಹಳಷ್ಟು ಕಾರುಗಳಲ್ಲಿ ಇದೊಂದೇ ದೀಪ. ವ್ಯತ್ಯಾಸ ಇರುವುದು ಮಿಣುಕುವುದರಲ್ಲಿ. ಕಾರು ಚಾಲೂ ಮಾಡಿದ ಮೇಲೆ 60ರಿಂದ 90 ಸೆಕೆಂಡು ಮಿಣುಕಿ ನಂತರ ಸುಮ್ಮನೆ ಉರಿದರೆ ರೋಗ ವ್ಯವಸ್ಥೆಯಲ್ಲಿ; ಮಿಣುಕದೆ ನೇರವಾಗಿ ಉರಿದರೆ ರೋಗ ಟೈರಿನಲ್ಲಿ. ಆ ಒಂದೂವರೆ ನಿಮಿಷದಲ್ಲಿ ಮಾಲೀಕರು ಡ್ಯಾಶ್‌ಬೋರ್ಡಿನ ಗಣಪನಿಗೆ ಕೈಮುಗಿದು, ಬೆಲ್ಟು ಹಾಕಿ, ಗೇಟು ದಾಟಿ, ಎದುರುಮನೆಯವರ ಸ್ಕೂಟರನ್ನು ಶಪಿಸುತ್ತಿರುತ್ತಾರೆ. ತಲೆ ತಗ್ಗಿಸಿ ನೋಡುವ ಹೊತ್ತಿಗೆ ದೀಪ ಮಿಣುಕುವುದನ್ನು ಬಿಟ್ಟಿರುತ್ತದೆ.

ವಂಶಾವಳಿಯ ಮಟ್ಟಿಗೆ ದೀಪದ ಗತ್ತಿಗೆ ಕಾರಣವಿದೆ. 1986ರ ಪೋರ್ಷೆ 959 ಕಾರಿನಲ್ಲೇ ಇಂಥ ವ್ಯವಸ್ಥೆ ಇತ್ತು. ಆದರೆ ಅದು ಶ್ರೀಮಂತರ ಗ್ಯಾರೇಜು ಬಿಟ್ಟು ಬೀದಿಗೆ ಬಂದದ್ದು ದುರಂತದ ದಾರಿಯಲ್ಲಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳ ಫೈರ್‌ಸ್ಟೋನ್ ಟೈರುಗಳು ಪದರ ಕಳಚಿ, ವಾಹನಗಳು ಪಲ್ಟಿಯಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ದಲ್ಲಿ ಕಾನೂನು ಬಂತು; 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ದೀಪ ಕಡ್ಡಾಯವಾಯಿತು. ಭಾರತದಲ್ಲಿ 2020ರ ತಿದ್ದುಪಡಿ ಇದಕ್ಕೆ ಬೇರೆಯದೇ ಬಡ್ತಿ ಕೊಟ್ಟಿತು: ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು ಮತ್ತು ಈ ದೀಪ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇರಲೇಬೇಕಿಲ್ಲ. ಒಂದು ಇಡೀ ಚಕ್ರದ ಕೆಲಸ ಹೀಗೆ ಒಂದು ದೀಪದ ತಲೆಗೆ ಬಿತ್ತು.

ಅಮೆರಿಕದ ಆ ನಿಯಮದಂತೆ ದೀಪ ಬಾಯಿ ಬಿಡಬೇಕಾದದ್ದು ನಿಗದಿತ ಒತ್ತಡ ಶೇ 25ರಷ್ಟು ಇಳಿದಾಗ. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ 33 ಪಿಎಸ್‌ಐ ಎಂದಿದ್ದರೆ, ಸುಮಾರು 25ಕ್ಕೆ ಇಳಿಯುವವರೆಗೂ ಅದು ಮೌನವ್ರತದಲ್ಲಿರಬಹುದು. ದೀಪ ಆರಿದೆಯೆಂದರೆ ಗಾಳಿ ಸರಿಯಿದೆ ಎಂದರ್ಥವಲ್ಲ. ಟೈರಿನ ಅಂಚು ಸವೆಸುವ ಕೆಲಸವೆಲ್ಲ ಈ ಮೌನದಲ್ಲೇ ಮುಗಿಯುತ್ತದೆ.

ದೀಪಗಳಲ್ಲಿ ಎರಡು ಕುಲ. ಮೊದಲನೆಯದಕ್ಕೆ ಪ್ರತಿ ಚಕ್ರದೊಳಗೂ, ವಾಲ್ವಿನ ಬುಡದಲ್ಲಿ, ಬ್ಯಾಟರಿ ಸಮೇತ ಒಂದು ಸೆನ್ಸರ್ ಇರುತ್ತದೆ. ಅದು ಒತ್ತಡ ಅಳೆದು ರೇಡಿಯೊ ಮೂಲಕ ತಿಳಿಸುತ್ತದೆ. ಎರಡನೆಯದು ಗಾಳಿಯ ಮುಖವನ್ನೇ ಕಂಡಿಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ಚೂರು ಕುಗ್ಗಿ ಅದು ಉಳಿದವಕ್ಕಿಂತ ಹೆಚ್ಚು ಸುತ್ತುತ್ತದೆ ಎಂಬುದನ್ನು ಎಬಿಎಸ್ ಬ್ರೇಕಿನ ಲೆಕ್ಕದಿಂದ ಕದ್ದು ಊಹಿಸುತ್ತದೆ. ಈ ಎರಡನೆಯ ಕುಲದಲ್ಲಿ ಬದಲಿಸಲು ಚಕ್ರದೊಳಗೆ ಸೆನ್ಸರೇ ಇಲ್ಲ. ಗಾಳಿ ಸರಿಮಾಡಿ ರೀಸೆಟ್ ಗುಂಡಿ ಒತ್ತುವುದೇ ಮದ್ದು. ಗಾಳಿ ಇಳಿದಿರುವಾಗಲೇ ಒತ್ತಿದರೆ ಇಳಿದ ಗಾಳಿಯೇ ಸರಿಯಾದ ಗಾಳಿ ಎಂದು ಅದು ನಂಬಿ, ಆಮೇಲೆ ನಿಶ್ಚಿಂತೆಯಿಂದ ಇರುತ್ತದೆ.

ತಪಾಸಣೆ ಶುರುವಾಗಬೇಕಾದದ್ದು ಗೇಜಿನಿಂದ, ಕಾಲಿನಿಂದಲ್ಲ. ಟೈರಿಗೆ ಒದ್ದು ಗಾಳಿ ಹೇಳುವ ವಿದ್ಯೆ ಲಾರಿ ನಿಲ್ದಾಣಗಳಲ್ಲಿ ಇನ್ನೂ ಜೀವಂತವಿದೆ. ಕಾರಿನ ಟೈರಿನಲ್ಲಿ 33ಕ್ಕೂ 25ಕ್ಕೂ ಇರುವ ಅಂತರ ಚಪ್ಪಲಿಗೆ ಗೊತ್ತಾಗದು. ಅಳೆಯುವ ಹೊತ್ತೂ ಮುಖ್ಯ: ಕಾರು ಮೂರು ಗಂಟೆ ನಿಂತಿರಬೇಕು. ಓಡಿ ಬಂದ ಟೈರು ಮೂರು ನಾಲ್ಕು ಪಿಎಸ್‌ಐ ಹೆಚ್ಚಿಗೆ ತೋರಿಸುತ್ತದೆ. ಡಿಸೆಂಬರಿನ ಬೀದರನ್ನೇ ತೆಗೆದುಕೊಳ್ಳಬಹುದು. ನಡುಮಧ್ಯಾಹ್ನ ಹೆದ್ದಾರಿಯಿಂದ ಇಳಿದು ಬಂಕಿನಲ್ಲಿ ‘33 ಹಾಕಪ್ಪ’ ಎಂದು ಹೊಡೆಸಿದ ಗಾಳಿ ಟೈರು ತಣಿದಾಗ 29–30. ಉಷ್ಣತೆ ಐದಾರು ಡಿಗ್ರಿ ಇಳಿದಾಗಲೆಲ್ಲ ಒಂದೊಂದು ಪಿಎಸ್‌ಐ ಇಳಿಯುವುದರಿಂದ ಬೆಳಗಿನ ಜಾವದ ಚಳಿಗೆ ಅದು 26–27. ಟೈರು ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿಯೇ ಕಳೆದುಕೊಳ್ಳುತ್ತದೆ. ಒಂದು ತಿಂಗಳ ನಂತರದ ಮುಂಜಾನೆ ದೀಪ ಹೊತ್ತುತ್ತದೆ, ಹತ್ತು ಗಂಟೆಯ ಬಿಸಿಲಿಗೆ ಆರುತ್ತದೆ. ‘ಸೆನ್ಸರ್ ಹೋಗಿದೆ’ ಎಂಬ ತೀರ್ಪು ಅಂದೇ ಹೊರಬೀಳುತ್ತದೆ. ಆ ಇಡೀ ಪ್ರಸಂಗದಲ್ಲಿ ನೆಟ್ಟಗೆ ಕೆಲಸ ಮಾಡಿದ್ದು ಸೆನ್ಸರ್ ಒಂದೇ.

ನೈಟ್ರೋಜನ್ ಹಾಕಿಸಿದರೂ ಈ ಲೆಕ್ಕ ಬದಲಾಗದು. ಬಿಟ್ಟಿ ಗಾಳಿಯಲ್ಲೂ ಶೇ 78 ಅದೇ ಇರುವುದು.

ಗಾಳಿ ಸರಿಪಡಿಸಿದೊಡನೆ ದೀಪ ಆರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಬ್ಯಾಟರಿ ಉಳಿಸಲು ನಿಂತ ಕಾರಿನ ಸೆನ್ಸರ್ ನಿದ್ದೆ ಮಾಡುತ್ತದೆ. ನಲವತ್ತರ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿದರೆ ಎದ್ದು ವರದಿ ಒಪ್ಪಿಸುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯವರು ಇದಕ್ಕೆ ಭಾನುವಾರ ಮುಂಜಾನೆಯನ್ನು ಕಾಯಬೇಕಾದೀತು.

ಇಷ್ಟಾದರೂ ಮಿಣುಕಿದರೆ ಸೆನ್ಸರಿನ ಸರದಿ. ಅದರ ಬ್ಯಾಟರಿಯ ಆಯುಷ್ಯ ಐದರಿಂದ ಹತ್ತು ವರ್ಷ. ಅಂಟಿನೊಳಗೆ ಹೂತಿಟ್ಟಿರುವುದರಿಂದ ಬ್ಯಾಟರಿ ಮಾತ್ರ ಬದಲಿಸಲು ಬಾರದು. ಎರಡನೆಯ ಕಾರಣ ಪಂಕ್ಚರ್ ಅಂಗಡಿಯ ಪಟ್ಟಿಕಬ್ಬಿಣ. ವಾಲ್ವಿನ ಪಕ್ಕದಲ್ಲೇ ಪಟ್ಟಿ ತೂರಿಸಿ ಟೈರು ಎಬ್ಬಿದರೆ ಒಳಗಿನ ಪ್ಲಾಸ್ಟಿಕ್ ಡಬ್ಬಿ ಲಟಕ್ಕೆನ್ನುತ್ತದೆ. ಹುಡುಗ ಬೇಕೆಂದು ಮುರಿಯುವುದಿಲ್ಲ. ಒಳಗೊಂದು ಸೆನ್ಸರ್ ಇದೆಯೆಂದು ಹೇಳಬೇಕಾದ ಮಾಲೀಕರು ಆ ಹೊತ್ತಿಗೆ ಚಹಾ ಅಂಗಡಿಯಲ್ಲಿ ಇರುತ್ತಾರೆ. ಪಂಕ್ಚರ್ ಆಗದಿರಲೆಂದು ಸುರಿಸಿದ ಅಂಟುದ್ರವ ಸೆನ್ಸರಿನ ಸೂಜಿರಂಧ್ರ ಮುಚ್ಚಬಹುದು. ಅಲ್ಯುಮಿನಿಯಂ ವಾಲ್ವಿಗೆ ಹಿತ್ತಾಳೆಯ ಚೆಂದದ ಮುಚ್ಚಳ ಹಾಕಿದರೆ ಕಡಲತೀರದ ಉಪ್ಪುಗಾಳಿಗೆ ಎರಡೂ ಬೆಸೆದುಕೊಂಡು, ಬಿಚ್ಚುವಾಗ ವಾಲ್ವೇ ಮುರಿದು ಕೈಗೆ ಬರುತ್ತದೆ. ಹೊಸ ಅಲಾಯ್ ಚಕ್ರ ಹಾಕಿಸಿ, ಹಳೆಯ ಚಕ್ರವನ್ನು ಸೆನ್ಸರ್ ಸಮೇತ ಮಾರಿದವರೂ ದೀಪವನ್ನೇ ಬೈಯುತ್ತಾರೆ.

ಯಾವ ಚಕ್ರ ಎಂದು ಗುರುತಿಸುವುದು ಕಷ್ಟವಲ್ಲ. ಕೈಯಲ್ಲಿ ಹಿಡಿಯುವ ಸ್ಕ್ಯಾನರನ್ನು ಪ್ರತಿ ವಾಲ್ವಿನ ಬಳಿ ಹಿಡಿದರೆ ಬದುಕಿರುವ ಸೆನ್ಸರ್ ತನ್ನ ಗುರುತಿನ ಸಂಖ್ಯೆ ಮತ್ತು ಒತ್ತಡ ಹೇಳುತ್ತದೆ, ಸತ್ತದ್ದು ಹೇಳುವುದಿಲ್ಲ. ನಾಲ್ಕೂ ಉತ್ತರಿಸಿದರೆ ಸಂಶಯ ಹೋಗಬೇಕಾದದ್ದು ಕಾರಿನೊಳಗಿನ ರಿಸೀವರಿಗೆ, ಅಥವಾ ರೇಡಿಯೊ ಗದ್ದಲ ಎಬ್ಬಿಸುವ ಅಗ್ಗದ ಚಾರ್ಜರಿಗೆ. ಚಾರ್ಜರ್ ಕಿತ್ತು ನೋಡಲು ಖರ್ಚಿಲ್ಲ. ಹೊಸ ಸೆನ್ಸರ್ ತರುವಾಗ ತರಂಗವನ್ನೂ ನೋಡಬೇಕು: ಭಾರತ, ಯುರೋಪಿನ ಕಾರುಗಳು ಸಾಮಾನ್ಯವಾಗಿ 433 ಮೆಗಾಹರ್ಟ್ಸ್, ಅಮೆರಿಕದ ಹಲವು 315. ಅಮೆರಿಕದ ಬಂಧುಗಳು ಚಾಕೊಲೇಟಿನ ಜೊತೆ ಪ್ರೀತಿಯಿಂದ ತಂದದ್ದು ಇಲ್ಲಿ ಕಿವುಡರ ಮುಂದೆ ಕಿನ್ನರಿ. ಹಾಕಿದ ಮೇಲೆ ಅದರ ಸಂಖ್ಯೆಯನ್ನು ಕಾರಿಗೆ ಪರಿಚಯಿಸಬೇಕು, ಚಕ್ರದ ಬ್ಯಾಲೆನ್ಸಿಂಗ್ ಮಾಡಿಸಬೇಕು.

‘ನಾಲ್ಕೂ ಬದಲಿಸಿಬಿಡಿ ಸಾರ್’ ಎಂಬ ಸರ್ವೀಸ್ ಸೆಂಟರಿನ ಸಲಹೆ ಎಂಟು ವರ್ಷದ ಕಾರಿಗೆ, ಅದೂ ಹೊಸ ಟೈರು ಹಾಕಿಸುವ ದಿನ, ಒಪ್ಪತಕ್ಕದ್ದೇ. ಮೂರು ವರ್ಷದ ಕಾರಿಗೆ ಅದು ಅಂಗಡಿಯ ಬಾಡಿಗೆ ಕಟ್ಟುವ ಸಲಹೆ. ದೀಪದ ಮೇಲೆ ಕಪ್ಪು ಟೇಪು ಅಂಟಿಸುವ ಮೂರನೆಯ ಮಾರ್ಗ ಎಲ್ಲಕ್ಕಿಂತ ಅಗ್ಗ. ಆಯುಧಪೂಜೆಯಲ್ಲಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುವವರು ಅದೇ ಕಾರಿಗೆ ಈ ಟೇಪನ್ನೂ ಅಂಟಿಸಿರುವುದು ಕಂಡುಬಂದಿದೆ.

ಆದ್ದರಿಂದ ಸದರಿ ದೀಪವು ತನ್ನ ಎರಡು ದೂರುಗಳಿಗೆ ಎರಡು ಮುಖ ಇಟ್ಟುಕೊಳ್ಳಬೇಕೆಂದೂ, ಅಲ್ಲಿಯವರೆಗೆ ಕಾರಿನ ಮಾಲೀಕರು ಒಂದು ಗೇಜು ಇಟ್ಟುಕೊಳ್ಳಬೇಕೆಂದೂ ಈ ಮೂಲಕ ಕೋರಲಾಗಿದೆ.

ಪ್ರತಿಗಳು ಮಾಹಿತಿಗಾಗಿ: ಪಂಕ್ಚರ್ ಅಂಗಡಿಯ ಹುಡುಗನಿಗೆ, ಎದುರಿನ ಚಹಾ ಅಂಗಡಿಯಲ್ಲಿರುವ ಮಾಲೀಕರಿಗೆ, ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ, ಅದರ ಗಾಳಿಯನ್ನು ಕೊನೆಯ ಸಲ ನೋಡಿದವರು ಶೋರೂಮಿನವರು.