ಜೆಲ್ಲಿ ಭಾವ

ಅಮೆರಿಕದಲ್ಲಿ ಹತ್ತು ಕನ್ನಡದ ಮನೆಗಳು ಒಂದೆಡೆ ಸೇರಿದವೆಂದರೆ ಅವುಗಳಲ್ಲಿ ಷೇರುಪೇಟೆಯ ಜ್ಯೋತಿಷಿಯೊಬ್ಬ, ಕುಂಡದ ಕರಿಬೇವನ್ನು ಎಣಿಸಿ ಎಣಿಸಿ ಕೊಡುವಾಕೆಯೊಬ್ಬಳು, ಮೈಕು ಕೈಗೆ ಸಿಕ್ಕರೆ ಮರಳಿ ಕೊಡದ ಗಾಯಕನೊಬ್ಬ ಇದ್ದೇ ಇರುತ್ತಾರೆ. ಜೊತೆಗೆ ಒಬ್ಬರು ಜೆಲ್ಲಿ ಭಾವನೂ ಇರುತ್ತಾರೆ. ನಾನು ಹೇಳಹೊರಟವರು ನ್ಯೂಜೆರ್ಸಿಯ ಎಡಿಸನ್ ಕಡೆಯವರು. ನಿಮ್ಮ ಭಾವ ಡಲ್ಲಾಸಿನಲ್ಲೋ ಫ್ರೀಮಾಂಟಿನಲ್ಲೋ ಇರಬಹುದು. ಗುರುತು ಹಿಡಿಯುವುದು ಸುಲಭ. ಪಾರ್ಟಿಯಲ್ಲಿ ಎಲ್ಲರೂ ಕೂತಿರುವಾಗ ಇವರೊಬ್ಬರು ನಿಂತಿರುತ್ತಾರೆ. ಕೈಯಲ್ಲಿ ಟ್ರೇ, ಟ್ರೇ ತುಂಬ ಕೆಂಪಗೆ ಹಸಿರಗೆ ಹಳದಿಯಾಗಿ ನಡುಗುವ, ಮದ್ಯ ಬೆರೆಸಿದ ಜೆಲ್ಲಿಯ ಪುಟಾಣಿ ಪ್ಲಾಸ್ಟಿಕ್ ಕಪ್‌ಗಳು, ಬಾಯಲ್ಲಿ ಒಂದೇ ಮಂತ್ರ: "ಒಂದು ತಗೊಳ್ಳಿ, ಏನೂ ಆಗಲ್ಲ."

ಅಡುಗೆಮನೆಗೂ ಭಾವನಿಗೂ ವರ್ಷವಿಡೀ ಇರುವ ಸಂಬಂಧ ಕಾಫಿ ಲೋಟವನ್ನು ಸಿಂಕಿನ ಪಕ್ಕದಲ್ಲಿಡುವಷ್ಟು. ಪಕ್ಕದಲ್ಲಿ, ಸಿಂಕಿನೊಳಗಲ್ಲ. ಸಾಸಿವೆ ಡಬ್ಬಿ ಯಾವುದು, ಗಸಗಸೆ ಡಬ್ಬಿ ಯಾವುದು ಎಂದರೆ ಮುಚ್ಚಳ ತೆಗೆದು ತೋರಿಸಿದ ಮೇಲೂ ಯೋಚನೆ ಮಾಡುತ್ತಾರೆ. ಅದೇ ಭಾವ, ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನ ಹತ್ತಿರ ಬಂತೆಂದರೆ ಬೇರೆಯೇ ಮನುಷ್ಯ. ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟು ತೆರೆಯುತ್ತದೆ. ಅಡ್ಡಸಾಲಿನಲ್ಲಿ ಕಾಕ್‌ಟೇಲ್‌ಗಳು: ಮಾರ್ಗರಿಟಾ, ಪೀನ್ಯಾ ಕೊಲಾಡಾ, ಸ್ಟ್ರಾಬೆರಿ ಡೈಕಿರಿ, ಟಕೀಲಾ ಸನ್‌ರೈಸ್. ಕಂಬಸಾಲಿನಲ್ಲಿ ಹಣ್ಣು, ಮದ್ಯ, ಬಣ್ಣ, ಹೆಪ್ಪುಗಟ್ಟಲು ಬೇಕಾದ ಹೊತ್ತು. ಕೊನೆಯ ಕಾಲಮ್ಮಿನ ತಲೆಬರಹ 'ರಿಸ್ಕ್'. ಬೇರೊಂದು ಶೀಟಿನಲ್ಲಿ ಬರುವವರ ಪಟ್ಟಿ: ಯಾರು ತಗೊಳ್ಳುತ್ತಾರೆ, ಯಾರು ತಗೊಳ್ಳುವುದಿಲ್ಲ, ಯಾರು ಹೆಂಡತಿ ಇಲ್ಲದಾಗ ಮಾತ್ರ ತಗೊಳ್ಳುತ್ತಾರೆ, ವಾಪಸ್ ಹೋಗುವಾಗ ಕಾರು ಓಡಿಸುವವರು ಯಾರು. ಕೊನೆಯ ಗುಂಪಿಗೆ ಭಾವನ ಟ್ರೇ ತೋರಿಸುವುದೂ ಇಲ್ಲ. ಅವರಿಗೆ ಅಕ್ಕನ ಮಜ್ಜಿಗೆ.

ಅಕ್ಕ ಎಂದರೆ ಭಾವನ ಹೆಂಡತಿ. "ಇವರ ಕೈಲಿ ಒಂದು ತಿಳಿಸಾರು ಮಾಡಿಸೋಕೆ ಇವತ್ತಿನವರೆಗೂ ಆಗಿಲ್ಲ. ಈಗ ನೋಡಿ, ಥರ್ಮಾಮೀಟರ್ ಹಿಡ್ಕೊಂಡು ನೀರು ಕಾಯಿಸ್ತಾ ಇದಾರೆ" ಎಂದು ಆಕೆ ಬಂದವರಿಗೆಲ್ಲ ಹೇಳುತ್ತಾರೆ. ಆ ಮಾತಿನಲ್ಲಿ ದೂರೆಷ್ಟು, ಹೆಮ್ಮೆಯೆಷ್ಟು ಎಂದು ಬಿಡಿಸುವುದು ಕಷ್ಟ.

ಶಾಸ್ತ್ರವೇನೋ ಸರಳ. ಜೆಲೋ ಎಂಬ ಜೆಲಟಿನ್ ಪುಡಿಯ 85 ಗ್ರಾಮಿನ ಒಂದು ಪೊಟ್ಟಣವನ್ನು ಒಂದು ಕಪ್ ಕುದಿಯುವ ನೀರಿನಲ್ಲಿ ಕರಗಿಸಬೇಕು. ಆಮೇಲೆ ಅರ್ಧ ಕಪ್ ತಣ್ಣೀರು, ಅರ್ಧ ಕಪ್ ವೋಡ್ಕಾ. ಸಣ್ಣ ಕಪ್‌ಗಳಿಗೆ ಹೊಯ್ದು ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ಗಂಟೆಗೆ ಗಟ್ಟಿ. ಮದ್ಯವನ್ನು ಒಲೆಯ ಮೇಲಿರುವಾಗ ಸುರಿಯಬಾರದು, ಶುದ್ಧ ಆಲ್ಕೋಹಾಲು 78 ಡಿಗ್ರಿಗೇ ಕುದಿಯುತ್ತದೆ. ದುಡ್ಡು ಕೊಟ್ಟವರು ನಾವು, ಕುಡಿಯುವುದು ಚಿಮಣಿ. ಹೆಚ್ಚು ಸುರಿದರೆ ಜೆಲ್ಲಿ ಹೆಪ್ಪುಗಟ್ಟುವುದೇ ಇಲ್ಲ. ಹಾಗಾಗಿ "ಸ್ವಲ್ಪ ಧಾರಾಳವಾಗಿ ಹಾಕಿ ಭಾವ" ಎಂಬ ಗೆಳೆಯರ ಅಹವಾಲನ್ನು ಭಾವ ಪ್ರತಿ ಸಲವೂ ವಿಜ್ಞಾನದ ಹೆಸರಿನಲ್ಲಿ ತಳ್ಳಿಹಾಕುತ್ತಾರೆ. ಲೆಕ್ಕ ಅವರಲ್ಲಿ ಪಕ್ಕಾ ಇದೆ: ಅರ್ಧ ಕಪ್ ಎಂದರೆ ಸುಮಾರು 120 ಎಂ.ಎಲ್., ಅದು ಎಂಟು ಕಪ್‌ಗಳಿಗೆ ಹಂಚಿಹೋದರೆ ತಲಾ 15. ಅಂದರೆ ಆರು ನುಂಗಿದರೆ ಊರಿನ ಬಾರಿನ ಒಂದು ನೈಂಟಿ. ಈ ಲೆಕ್ಕವನ್ನು ಅವರು ಎಲ್ಲರಿಗೂ ಮೊದಲೇ ಹೇಳುತ್ತಾರೆ. ಸ್ಟ್ರಾಬೆರಿಯ ಪರಿಮಳ ಬರುವ ವಸ್ತುವಿಗೆ ಯಾರೂ ಲೆಕ್ಕ ಇಡುವುದಿಲ್ಲ, ಅದು ಬೇರೆ ಮಾತು.

ಸರಳವಾದದ್ದನ್ನು ಸರಳವಾಗಿ ಬಿಟ್ಟರೆ ಅವರು ಭಾವ ಹೇಗಾದಾರು? ಜುಲೈ 4ಕ್ಕೆ ಕೆಂಪು, ಬಿಳಿ, ನೀಲಿ ಮೂರು ಪದರ ಆಗಲೇಬೇಕು. ಕೆಳಗೆ ಸ್ಟ್ರಾಬೆರಿ, ನಡುವೆ ತೆಂಗಿನಹಾಲು ಮತ್ತು ರಮ್, ಮೇಲೆ ಬ್ಲೂ ಕ್ಯೂರಸಾವ್ ಎಂಬ ನೀಲಿ ಮದ್ಯ. ಒಂದು ಪದರ ಗಟ್ಟಿಯಾಗದೆ ಇನ್ನೊಂದನ್ನು ಹೊಯ್ದರೆ ಮೂರೂ ಬೆರೆತು ಕೊಳೆನೀರಿನ ಬಣ್ಣ. ಬಿಸಿಯಿರುವಾಗ ಹೊಯ್ದರೆ ಕೆಳಗಿನದು ಕರಗುತ್ತದೆ. ಆದ್ದರಿಂದ ಹಿಂದಿನ ರಾತ್ರಿ ಅಲಾರಂ ಇಟ್ಟು ಏಳುತ್ತಾರೆ. ಫ್ರಿಜ್ಜಿನ ಹಲಗೆ ಸಮತಟ್ಟಾಗಿದೆಯೋ ಇಲ್ಲವೋ ಎಂದು ಫೋನಿನ ಲೆವೆಲ್ ಆ್ಯಪ್ ಇಟ್ಟು ನೋಡುತ್ತಾರೆ. ಅರ್ಧ ಡಿಗ್ರಿ ವಾಲಿತ್ತಂತೆ. ಫ್ರಿಜ್ಜಿನ ಕಾಲಿಗೆ ರಟ್ಟು ಮಡಚಿ ಕೊಟ್ಟರು.

"ರೀ, ನಾಳೆಗೆ ಇಡ್ಲಿ ಹಿಟ್ಟು ಎಲ್ಲಿಡ್ಲಿ?"

"ಗರಾಜಿನ ಫ್ರಿಜ್ಜಲ್ಲಿಡೇ."

"ಅದರಲ್ಲೂ ನಿಮ್ಮದೇ ಇದೆ."

"ಹಾಗಿದ್ರೆ ಹೊರಗಿಡು, ಚೆನ್ನಾಗಿ ಉಬ್ಬತ್ತೆ."

ಉಬ್ಬಿ ಕಟ್ಟೆಯ ಮೇಲೆಲ್ಲ ಹರಿದ ಹಿಟ್ಟನ್ನು ಬೆಳಿಗ್ಗೆ ಒರೆಸಿದ್ದು ಭಾವನೇ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ಅನಾನಸ್ ಪ್ರಕರಣ ಎಡಿಸನ್ನಿನ ಕನ್ನಡಿಗರಿಗೆಲ್ಲ ಗೊತ್ತು. ಪೀನ್ಯಾ ಕೊಲಾಡಾ ಎಂದರೆ ರಮ್, ತೆಂಗಿನಹಾಲು, ಅನಾನಸ್. ಪೋರ್ಟೊ ರಿಕೊದವರು 1978ರಲ್ಲಿ ಅದನ್ನು ತಮ್ಮ ಅಧಿಕೃತ ಪೇಯವೆಂದೇ ಘೋಷಿಸಿಕೊಂಡಿದ್ದಾರೆ. ಅಂಥ ಘನತೆಯ ಪೇಯಕ್ಕೆ ಡಬ್ಬಿಯ ಹಣ್ಣೇ ಎಂದು ಭಾವ ತಾಜಾ ಅನಾನಸ್ ತಂದು, ಕಣ್ಣು ತೆಗೆದು, ರುಬ್ಬಿ ಸೋಸಿ ಹಾಕಿದರು. ಆರು ಗಂಟೆಯಾಯಿತು, ನೀರು. ರಾತ್ರಿ ಕಳೆಯಿತು, ನೀರು. ಜೆಲಟಿನ್ ದುಪ್ಪಟ್ಟು ಹಾಕಿದರು, ದುಪ್ಪಟ್ಟು ನೀರು. ಆಫೀಸಿನ ಅಭ್ಯಾಸದಂತೆ 'ರೂಟ್ ಕಾಸ್' ಹುಡುಕಲು ಕೂತರು: ಫ್ರಿಜ್ಜಿನ ಉಷ್ಣತೆ ಸರಿ, ಅಳತೆ ಸರಿ, ಪುಡಿಯ ತಾರೀಖು ಸರಿ. ಅಕ್ಕ ಒಗ್ಗರಣೆ ಹಾಕುತ್ತಲೇ ಅಂದರು: "ಹಸಿ ಅನಾನಸ್ ಹಾಲಿಗೆ ಹಾಕಿದ್ರೆ ಕಹಿ ಆಗಲ್ವೇನ್ರೀ? ಅದಕ್ಕೇ ಬೇಯಿಸಿಕೊಳ್ಳೋದು." ಅಷ್ಟೇ. ಹಸಿ ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸಿಹಾಕುತ್ತದೆ, ಜೆಲಟಿನ್ ಪ್ರೋಟೀನೇ. ಬಿಸಿ ಮಾಡಿದರೆ ಕಿಣ್ವ ಸತ್ತುಹೋಗುತ್ತದೆ, ಡಬ್ಬಿಯ ಹಣ್ಣು ಕೆಲಸಕ್ಕೆ ಬರುವುದು ಅದಕ್ಕೇ. ಪರಂಗಿ, ಕಿವಿ, ಅಂಜೂರ, ಹಸಿ ಶುಂಠಿ ಇವೂ ಅದೇ ಬಳಗ. ಇದನ್ನೆಲ್ಲ ಭಾವ ಆ ರಾತ್ರಿಯೇ ಓದಿಕೊಂಡರು. ಮರುದಿನ ಪಾರ್ಟಿಯಲ್ಲಿ ಈ ಜ್ಞಾನ ಅವರ ಸ್ವಂತ ಸಂಶೋಧನೆಯಾಗಿತ್ತು. ಅಕ್ಕ ಕೇಳಿಸಿಕೊಂಡು ಹಪ್ಪಳ ಮುರಿಯುತ್ತಿದ್ದರು.

ಉಪನ್ಯಾಸವಿಲ್ಲದೆ ಭಾವ ಟ್ರೇ ಕೆಳಗಿಡುವವರಲ್ಲ. ಕೈ ಚಾಚಿದವರ ಎದುರು ಟ್ರೇಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು ಶುರು ಮಾಡುತ್ತಾರೆ: 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನಲ್ಲಿ ಕೆಮ್ಮಿನ ಔಷಧಿ ಮಾಡಿ ಮಾರುತ್ತಿದ್ದ ಪರ್ಲ್ ವೇಟ್ ಎಂಬಾತ ಜೆಲಟಿನ್ ಪುಡಿಗೆ ಹಣ್ಣಿನ ರುಚಿ ಬೆರೆಸಿದ, ಹೆಂಡತಿ ಮೇ ಅದಕ್ಕೆ ಜೆಲೋ ಎಂದು ಹೆಸರಿಟ್ಟಳು, ವ್ಯಾಪಾರ ಹತ್ತದೆ ಎರಡೇ ವರ್ಷಕ್ಕೆ ಹಕ್ಕನ್ನೆಲ್ಲ ಊರಿನವನೊಬ್ಬನಿಗೆ 450 ಡಾಲರಿಗೆ ಮಾರಿಬಿಟ್ಟ. "ನಾನೂರೈವತ್ತು! ನಮ್ಮ ಕಾಲೊನಿಯ ಮನೆಮಾಲೀಕರ ಸಂಘದ ಫೀಸು ಅದಕ್ಕಿಂತ ಜಾಸ್ತಿ!" ಇಲ್ಲಿ ನಗು ಬರಬೇಕು. ಬಂದ ಮೇಲೆ ಟಾಮ್ ಲೇರರ್ ಪ್ರವೇಶ. ಗಣಿತದ ಮೇಷ್ಟರೂ ವ್ಯಂಗ್ಯಗೀತೆಗಳ ಹಾಡುಗಾರರೂ ಆಗಿದ್ದ ಈ ಮಹಾಶಯರು 1950ರ ದಶಕದಲ್ಲಿ ಸೈನ್ಯದಲ್ಲಿದ್ದರು. ಅಲ್ಲಿನ ಕ್ರಿಸ್‌ಮಸ್ ಪಾರ್ಟಿಗೆ ಮದ್ಯಪಾನೀಯ ನಿಷಿದ್ಧ. ನಿಷಿದ್ಧವಾದದ್ದು ಪಾನೀಯ ತಾನೇ ಎಂದು ಇವರು ವೋಡ್ಕಾವನ್ನು ಜೆಲ್ಲಿ ಮಾಡಿ ಒಯ್ದರಂತೆ. ಹಾಗೆಂದು ಅವರೇ ಹೇಳಿಕೊಂಡಿದ್ದಾರೆ. ಕಳೆದ ಸಲ ಒಬ್ಬ ಹುಡುಗ ಫೋನು ನೋಡಿಕೊಂಡು, "ಅಂಕಲ್, 1862ರಲ್ಲೇ ಜೆರ್ರಿ ಥಾಮಸ್ ಅನ್ನೋರ ಪುಸ್ತಕದಲ್ಲಿ ಪಂಚ್ ಜೆಲ್ಲಿ ಇದೆ. ಜಾಸ್ತಿ ತಿಂದ್ರೆ ಊಟ ಆದ್ಮೇಲೆ ಡ್ಯಾನ್ಸ್ ಮಾಡಕ್ಕಾಗಲ್ಲ ಅಂತ ಎಚ್ಚರಿಕೇನೂ ಇದೆ" ಎಂದ. ಭಾವ ಅವನ ವಯಸ್ಸು ಕೇಳಿದರು. ಇಪ್ಪತ್ತು. ಈ ದೇಶದಲ್ಲಿ 21 ತುಂಬದವರಿಗೆ ಕೊಡುವಂತಿಲ್ಲ. ಟ್ರೇ ಮುಂದಕ್ಕೆ ಹೋಯಿತು, ಇತಿಹಾಸವೂ ಹೋಯಿತು.

ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಭಾವ ತಮಾಷೆಗೆ ಬರುವುದಿಲ್ಲ. ನೋಡಲು ಒಂದೇ ಥರ ಇರುವ ತಿಂಡಿಯಲ್ಲವೇ? ಮಕ್ಕಳ ಜೆಲ್ಲಿ ಮೀನಿನ ಅಚ್ಚಿನಲ್ಲಿ, ಮನೆಯೊಳಗೆ. ದೊಡ್ಡವರದು ಮುಚ್ಚಳದ ಕಪ್‌ನಲ್ಲಿ, ಗರಾಜಿನ ಫ್ರಿಜ್ಜಿನಲ್ಲಿ, ಬೀಗ ಹಾಕಿ, ಬೀಗದ ಕೈ ಸೊಂಟದಲ್ಲಿ.

ನಿಜವಾದ ಧರ್ಮಸಂಕಟ ಬೇರೆ ಇದೆ. ಜೆಲಟಿನ್ ಬರುವುದು ಹಂದಿಯ ಚರ್ಮದಿಂದ, ದನದ ಮೂಳೆ ತೊಗಲುಗಳಿಂದ. ಬಂದವರಲ್ಲಿ ಅರ್ಧಕ್ಕರ್ಧ ಸಸ್ಯಾಹಾರಿಗಳು. ಟಕೀಲಾ ನಡೆಯುತ್ತದೆ, ರಮ್ ನಡೆಯುತ್ತದೆ, ಜೆಲಟಿನ್ ನಡೆಯುವುದಿಲ್ಲ. ಒಬ್ಬರು ಅಂದು ಏಕಾದಶಿಯೆಂದು, ವೋಡ್ಕಾ ಧಾನ್ಯದ್ದೋ ಆಲೂಗಡ್ಡೆಯದೋ ಎಂದು ವಿಚಾರಿಸಿದರು, ಆಲೂಗಡ್ಡೆಯದಾದರೆ ಅಭ್ಯಂತರವಿಲ್ಲವಂತೆ. ಇವರಿಗೆಲ್ಲ ಭಾವ ಕಡಲಪಾಚಿಯಿಂದ ಮಾಡುವ ಚೀನಾ ಗ್ರಾಸ್ ತಂದರು. ಅದರ ಗುಣವೇ ಬೇರೆ. ಚೆನ್ನಾಗಿ ಕುದಿಯದೆ ಕರಗುವುದಿಲ್ಲ, ಕರಗಿದ್ದು ಫ್ರಿಜ್ಜನ್ನೂ ಕಾಯದೆ 35-40 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ತಣ್ಣಗಿನ ಟಕೀಲಾ ಸುರಿದ ಕೂಡಲೇ ಪಾತ್ರೆಯಲ್ಲೇ ಗಂಟುಗಂಟಾಯಿತು. ಎರಡನೇ ಸಲ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿಕೊಂಡರು, ಸರಿಹೋಯಿತು. ಮುಚ್ಚಳಕ್ಕೆ ಹಸಿರು ಚುಕ್ಕೆ ಅಂಟಿಸಿದರು, ಊರಿನ ಬಿಸ್ಕತ್ ಪ್ಯಾಕೆಟ್ಟಿನಲ್ಲಿರುತ್ತದಲ್ಲ, ಅದೇ.

ಹಿತ್ತಿಲಿನ ಜುಲೈ ಬಿಸಿಲು ತೀರ್ಪು ಕೊಟ್ಟಿತು. ಜೆಲಟಿನ್ 35 ಡಿಗ್ರಿ ಮುಟ್ಟುವುದರೊಳಗೆ ಕರಗುತ್ತದೆ, ಬಾಯಲ್ಲಿ ಜಾರಿಹೋಗುವುದು ಆ ಕಾರಣಕ್ಕೇ. ಬಿಸಿಲಲ್ಲೂ ಹಾಗೇ ಜಾರಿತು. ಮೂರು ಪದರದ ಅಮೆರಿಕದ ಬಾವುಟ ಹತ್ತು ನಿಮಿಷದಲ್ಲಿ ನೇರಳೆ ಷರಬತ್ತು. ಸಸ್ಯಾಹಾರಿ ಮಾರ್ಗರಿಟಾ ಮಾತ್ರ ಕದಲಲಿಲ್ಲ. ಚೀನಾ ಗ್ರಾಸ್ ಮತ್ತೆ ಕರಗಲು 85 ಡಿಗ್ರಿ ಬೇಕು. ಆದರೆ ಅದನ್ನು ಜಗಿಯಬೇಕು. ಜಗಿಯುವ ಮದ್ಯವನ್ನು ಕಂಡ ಮೈಸೂರಿನ ನಿವೃತ್ತ ಎಂಜಿನಿಯರೊಬ್ಬರು, "ಇದು ಕುಡಿಯೋದೋ ತಿನ್ನೋದೋ ಮೊದಲು ಹೇಳಪ್ಪ" ಎಂದರು. ಕಪ್ಪನ್ನು ತುಟಿಗೆ ತಾಗಿಸುವ ಪೈಕಿಯಲ್ಲ ಅವರು. ಅಭ್ಯಾಸಬಲದಿಂದ ತಲೆ ಹಿಂದಕ್ಕೆ ಹಾಕಿ ಎತ್ತಿ ಹುಯ್ದುಕೊಳ್ಳಲು ಹೋದರು. ಮಾರ್ಗರಿಟಾ ಬೀಳಲಿಲ್ಲ. ಅಲುಗಿಸಿದರು, ಬೀಳಲಿಲ್ಲ. ತಳಕ್ಕೆ ಒಂದು ಏಟು ಕೊಟ್ಟರು, ಇಡೀ ಮಾರ್ಗರಿಟಾ ಮೂಗಿನ ಮೇಲೆ ಬಂದು ಕೂತಿತು. ಅವರು ಅದನ್ನು ಬೆರಳಿಂದ ತೆಗೆದು, ಹಸಿರು ಚುಕ್ಕೆಯನ್ನು ಇನ್ನೊಮ್ಮೆ ನೋಡಿ, ಬಾಯಿಗೆ ಹಾಕಿಕೊಂಡು, "ನಿಂಬೆಹುಳಿ ಚೆನ್ನಾಗಿ ಬಂದಿದೆ" ಎಂದರು.

ಇಷ್ಟೆಲ್ಲ ಮಾಡುವ ಭಾವ ಸ್ವತಃ ಕುಡಿಯುವುದಿಲ್ಲ. ಚಮಚದ ತುದಿಯಲ್ಲಿ ಹುಳಿ ಸಿಹಿ ನೋಡಿದರೆ ಮುಗಿಯಿತು. ಹೊಸಬರಿಗೆ ಇದು ಅರ್ಥವಾಗುವುದಿಲ್ಲ, ನನಗೆ ಆಗುತ್ತದೆ. ನಮ್ಮ ಕಡೆ ಮದುವೆಯ ಪಂಕ್ತಿಯಲ್ಲಿ ಪಂಚೆ ಎತ್ತಿಕಟ್ಟಿ ಹೋಳಿಗೆ ಬಡಿಸುವ ಒಬ್ಬ ಸೋದರಮಾವ ಇರುತ್ತಿದ್ದರಲ್ಲ, ಎಲೆಗೆ ಅಡ್ಡ ಹಿಡಿದ ಕೈಯ ಮೇಲೇ ಹೋಳಿಗೆ ಇಟ್ಟು ಮುಂದೆ ಹೋಗುವವರು, ತಾವು ಉಣ್ಣುವುದು ಕೊನೆಯ ಪಂಕ್ತಿಗೆ, ಆಗ ಹೋಳಿಗೆ ಮುಗಿದಿರುತ್ತಿತ್ತು. ಭಾವ ಅವರ ವಂಶದವರೇ. ಒಂದೇ ವ್ಯತ್ಯಾಸ, ಇಲ್ಲಿ "ಬೇಡ" ಎಂದವರನ್ನು ಎರಡನೇ ಸಲ ಕೇಳುವುದಿಲ್ಲ. ಕೇಳಲು ನಾಲಿಗೆ ತುರಿಸುತ್ತದೆ. ತಡೆದುಕೊಂಡು ಮಕ್ಕಳ ಮೀನಿನಚ್ಚಿನ ಜೆಲ್ಲಿ ತಂದು ಕೈಗಿಡುತ್ತಾರೆ.

ಪಾರ್ಟಿ ಮುಗಿದ ರಾತ್ರಿ ಹನ್ನೊಂದರ ಮೇಲೆ ಭಾವನಿಂದ ಫೋನು. ಎಕ್ಸೆಲ್ಲಿನಲ್ಲಿ 'ಹ್ಯಾಲೋವೀನ್' ಎಂಬ ಹೊಸ ಶೀಟು ತೆರೆದಾಗಿದೆ. ಬೀಜ ತೆಗೆದ ಲಿಚಿಯ ಹೊಟ್ಟೆಗೆ ಒಂದು ಬ್ಲೂಬೆರಿ ತುರುಕಿ ಜೆಲ್ಲಿಯಲ್ಲಿ ಮುಳುಗಿಸಿದರೆ ಥೇಟ್ ಕಣ್ಣುಗುಡ್ಡೆ. "ಓಕ್ ಟ್ರೀ ರೋಡ್ ಕಡೆ ಹೋದ್ರೆ ಲಿಚಿ ಡಬ್ಬಿ ಸೇಲಿಗಿದೆಯಾ ನೋಡಿ. ಡಬ್ಬೀದೇ ಇರಲಿ. ತಾಜಾ ಬೇಡವೇ ಬೇಡ." ಹಿಂದಿನಿಂದ ಅಕ್ಕನ ದನಿ ಕೇಳಿತು, ಲಿಚಿಗೆ ಆ ದೋಷ ಇಲ್ಲ ಕಣ್ರೀ ಎಂದು. ಅಷ್ಟರಲ್ಲಿ ಭಾವ ರಿಸ್ಕ್ ಕಾಲಮ್ಮು ತುಂಬಿಯಾಗಿತ್ತು.