ಹೂವಿಗೆ ಜೈಲು, ಎಲೆಗೆ ಜಾಮೀನು

ಪಾಣೆಮಂಗಳೂರಿನ ಹಳೇ ಸೇತುವೆಯ ಆಸುಪಾಸಿನ ಜಗಲಿಗಳಲ್ಲಿ ಅಮ್ಮಂದಿರ ಮಡಿಲಿಗೆ ಬೀಡಿ ಕಟ್ಟುವ ಗೆರಸೆ ಬಂತೆಂದರೆ ಮಕ್ಕಳ ಫೀಸು ಬಂತೆಂದೇ ಅರ್ಥವಿತ್ತು. ಬೀಡಿ ಬ್ರಾಂಚಿನ ಲೆಕ್ಕ ಸಾವಿರದ್ದು. ಆ ಬೀಡಿಗೆ ತೆರಿಗೆ ಇದೆ, ಕಟ್ಟಿದವಳಿಗೆ ಪಿಎಫ್ ಇದೆ, ಕಟ್ಟಿನ ಮೇಲೆ ಕ್ಯಾನ್ಸರಿನ ಚಿತ್ರವೂ ಇದೆ. ನಮ್ಮ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಹೇಳಿತು. ನಾವು ಇವತ್ತಿನ ಧಾರಣೆ ಎಷ್ಟೆಂದು ಕೇಳಿದೆವು. ಬೇಜಾರಾದವರಿಗೆ ಸರಕಾರದ್ದೇ ಎಂಎಸ್‌ಐಎಲ್ ಮದ್ಯದಂಗಡಿ.

ಇಷ್ಟು ಚಟಗಳಿಗೆ ಲೈಸನ್ಸು ಕೊಟ್ಟು ದಣಿದ ಸರಕಾರ, ಉಳಿದ ನೀತಿಯನ್ನೆಲ್ಲ ಒಂದೇ ಗಿಡದ ಮೇಲೆ ಸುರಿದಿದೆ.

‘ಗಾಂಜಾ ಸೇವನೆ: ಯುವಕ ವಶಕ್ಕೆ’. ಕರಾವಳಿಯ ಪತ್ರಿಕೆಗಳಲ್ಲಿ ಈ ಸುದ್ದಿಗೆ ಅಚ್ಚೇ ಇದೆ: ಅನುಮಾನಾಸ್ಪದ ವರ್ತನೆ, ವೈದ್ಯಕೀಯ ಪರೀಕ್ಷೆ, ದೃಢ. ಸೇದಿದವನ ಹೆಸರು, ಪ್ರಾಯ, ಊರು ಎಲ್ಲ ಸಿಗುತ್ತದೆ. ಮಾರಿದವನು ಮಾತ್ರ ‘ಅಪರಿಚಿತ ವ್ಯಕ್ತಿ’.

1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಿಡದ ಹೂತುದಿ ಗಾಂಜಾ. ಬರೀ ಎಲೆ, ಬೀಜ ಅಲ್ಲ. 2022ರಲ್ಲಿ ನಮ್ಮ ಹೈಕೋರ್ಟು ಎಲೆಯಿಂದ ಮಾಡುವ ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟು, ಭಂಗಿ ನಿಷಿದ್ಧವೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ ಎಂದಿತು. ಒಂದೇ ಗಿಡ, ಅರೆದು ಕುಡಿದರೆ ಸಂಪ್ರದಾಯ, ಸೇದಿದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ! ತಕ್ಕಡಿಯೂ ಉದಾರ: ಕಿಸೆಯಲ್ಲಿ ಚಿಟಿಕೆ ಇದ್ದವನೂ ಚೀಲದಲ್ಲಿ 999 ಗ್ರಾಂ ಇಟ್ಟವನೂ ಕಾಯ್ದೆಗೆ ‘ಅಲ್ಪ ಪ್ರಮಾಣ’ದವರೇ.

ಗಾಂಜಾ ಒಳ್ಳೆಯದೆಂದು ನಾನೇನೂ ಹೊಗಳುತ್ತಿಲ್ಲ. ಎಳೆಯ ಮಿದುಳಿಗೆ ಅದು ಕೆಟ್ಟದ್ದೇ. ಅದಕ್ಕೇ ಲೈಸನ್ಸು, ವಯಸ್ಸಿನ ಮಿತಿ, ತೂಕದ ಮಿತಿ ಬೇಕು ಅನ್ನುವುದು. ಜರ್ಮನಿ 2024ರ ಏಪ್ರಿಲಿನಿಂದ ವಯಸ್ಕರ ಕಿಸೆಗೆ 25 ಗ್ರಾಂ, ಮನೆಯಲ್ಲಿ ತಲೆಗೆ ಮೂರು ಗಿಡ ಎಂದು ಗೆರೆ ಎಳೆಯಿತು. ನಮ್ಮಲ್ಲಿ ಆ ಗೆರೆ ಎಳೆಯುವ ಕೆಲಸವನ್ನು ‘ಅಪರಿಚಿತ ವ್ಯಕ್ತಿ’ಗೆ ವಹಿಸಿದ್ದೇವೆ. ಅವನು ಹತ್ತನೇ ಕ್ಲಾಸಿನವನ ಹತ್ತಿರವೂ ಆಧಾರ್ ಕೇಳುವುದಿಲ್ಲ, ಪುಡಿಯಲ್ಲಿ ಏನು ಬೆರೆಸಿದೆ ಎಂದೂ ಹೇಳುವುದಿಲ್ಲ.

ಅಷ್ಟಕ್ಕೂ ಹುಡುಗ ಸೇದುವುದು ಯಾವುದರಲ್ಲಿ? ಬೀಡಿಯ ಹೊಗೆಸೊಪ್ಪು ಉದುರಿಸಿ, ಅದೇ ಎಲೆಯೊಳಗೆ ತುಂಬಿ. ಬೀಡಿ ಕಟ್ಟಿದ ಅಮ್ಮನಿಗೆ ಬ್ರಾಂಚಿನಲ್ಲಿ ಮಜೂರಿ, ತುಂಬಿದ ಮಗನಿಗೆ ಕೋರ್ಟಿನಲ್ಲಿ ದಂಡ. ಆ ದಂಡ ತುಂಬಲು ಅವಳು ಮತ್ತೆ ಗೆರಸೆ ಎಳೆದುಕೊಳ್ಳುತ್ತಾಳೆ.